ಮೊದಲು ತಲುಪುವ ದೋಣಿ: ಕೆನಡಾದ ಪಶ್ಚಿಮ ಕರಾವಳಿಯಲ್ಲಿ ಸರ್ಕಾರ ಮತ್ತು ಮೂಲನಿವಾಸಿಗಳು

2015ರ ಅಕ್ಟೋಬರ್ 25ರ ಮಧ್ಯಾಹ್ನ. ಕೆನಡಾದ ವ್ಯಾಂಕೂವರ್ ದ್ವೀಪದ ಪಶ್ಚಿಮ ದಂಡೆಯಲ್ಲಿರುವ ಟೊಫಿನೊ ಪಟ್ಟಣದಿಂದ ಪ್ರವಾಸಿಗರಿಗೆ ತಿಮಿಂಗಿಲ ತೋರಿಸಲು ಹೊರಟಿದ್ದ ‘ಲೆವಿಯಾಥನ್ 2’ ಎಂಬ ದೋಣಿ ದೊಡ್ಡ ಅಲೆಯೊಂದರ ಹೊಡೆತಕ್ಕೆ ಮಗುಚಿತು. ಅದರಲ್ಲಿದ್ದ 27 ಜನ ಕೊರೆಯುವ ನೀರಿಗೆ ಬಿದ್ದರು. ಎಲ್ಲವೂ ಎಷ್ಟು ಬೇಗ ನಡೆದುಹೋಯಿತೆಂದರೆ ರೇಡಿಯೊದಲ್ಲಿ ಅಪಾಯದ ಕರೆ ಕೊಡುವುದಕ್ಕೂ ಯಾರಿಗೂ ಸಮಯ ಸಿಗಲಿಲ್ಲ. ಸುಮಾರು ಮುಕ್ಕಾಲು ಗಂಟೆ ದಡದಲ್ಲಿ ಒಬ್ಬರಿಗೂ ವಿಷಯ ಗೊತ್ತಿರಲಿಲ್ಲ. ಆಮೇಲೆ, ನೀರಿನಲ್ಲಿ ತೇಲುತ್ತಿದ್ದ ಸಿಬ್ಬಂದಿಯ ಕೈಗೆ ಒಂದು ಬೆಂಕಿಬಾಣ ಸಿಕ್ಕಿತು. ಅದನ್ನು ಹಾರಿಸಿದರು. ಹತ್ತಿರದಲ್ಲಿ ಮೀನು ಹಿಡಿಯುತ್ತಿದ್ದ ಅಹೌಸಾಟ್ ಎಂಬ ಮೂಲನಿವಾಸಿ ಸಮುದಾಯದ ಇಬ್ಬರು ಆ ಬೆಳಕನ್ನು ಕಂಡರು. ಕೈಯಲ್ಲಿದ್ದ ಕೆಲಸ ಬಿಟ್ಟು ಅತ್ತ ಧಾವಿಸಿ, ಕೈಗೆ ಸಿಕ್ಕವರನ್ನು ದೋಣಿಗೆ ಎಳೆದುಕೊಂಡು, ರೇಡಿಯೊದಲ್ಲಿ ಊರಿಗೆ ಸುದ್ದಿ ಮುಟ್ಟಿಸಿದರು. ಊರಿನಿಂದ ದೋಣಿಗಳು ಸಾಲುಸಾಲಾಗಿ ಹೊರಟವು. ಆ ದಿನ 21 ಜನ ಬದುಕಿದರು, 6 ಜನ ತೀರಿಕೊಂಡರು.

ಅದಕ್ಕೂ ಒಂಬತ್ತು ವರ್ಷ ಮೊದಲು, 2006ರ ಮಾರ್ಚ್ 22ರ ನಡುರಾತ್ರಿ ಇದೇ ಕರಾವಳಿಯ ಉತ್ತರ ಭಾಗದಲ್ಲಿ ‘ಕ್ವೀನ್ ಆಫ್ ದ ನಾರ್ತ್’ ಎಂಬ ಪ್ರಯಾಣಿಕರ ಹಡಗು ತಿರುಗಬೇಕಾದಲ್ಲಿ ತಿರುಗದೆ ಗಿಲ್ ದ್ವೀಪಕ್ಕೆ ಬಡಿದು ಮುಳುಗಿತ್ತು. ಹತ್ತಿರದ ಊರೆಂದರೆ ಹಾರ್ಟ್ಲೀ ಬೇ, ಗಿಟ್‌ಗಾಟ್ ಜನರ ಹಳ್ಳಿ. ಅಲ್ಲಿಗೆ ರಸ್ತೆಯೇ ಇಲ್ಲ. ಊರೊಳಗೆ ಓಡಾಡಲು ಹಲಗೆಯ ಕಾಲುದಾರಿಗಳು, ಹೊರಗೆ ಹೋಗಲು ದೋಣಿ. ಇನ್ನೂರು ಜನವೂ ಇಲ್ಲದ ಆ ಊರಿನವರು ರೇಡಿಯೊದಲ್ಲಿ ಕರೆ ಕೇಳಿ, ಕತ್ತಲಲ್ಲಿ ಗಾಳಿಮಳೆಯಲ್ಲಿ ತಮ್ಮ ಮೀನುಗಾರಿಕೆ ದೋಣಿಗಳನ್ನು ಬಿಚ್ಚಿದರು. ಕೋಸ್ಟ್ ಗಾರ್ಡ್ ಹಡಗೂ ಬಂದು ಸೇರಿತು. ಹಡಗಿನಲ್ಲಿದ್ದ 101 ಜನರಲ್ಲಿ 99 ಜನ ಉಳಿದರು. ಊರಿನ ಹೆಂಗಸರು, ಮಕ್ಕಳು, ಮುದುಕರು ಸಮುದಾಯ ಭವನದಲ್ಲಿ ಕಂಬಳಿ, ಬಿಸಿ ಕಾಫಿ ಇಟ್ಟುಕೊಂಡು ಕಾದಿದ್ದರು.

ಈ ಎರಡು ಘಟನೆಗಳನ್ನು ಕೆನಡಾ ಮರೆತಿಲ್ಲ. ಹಾರ್ಟ್ಲೀ ಬೇಗೆ ಗವರ್ನರ್ ಜನರಲ್ ಅವರಿಂದಲೇ ಪ್ರಶಂಸೆ ಸಂದಿತು. ಮೆಚ್ಚುಗೆಗೆ ಎಂದೂ ಕೊರತೆ ಬಂದದ್ದಿಲ್ಲ. ಕೊರತೆ ಇದ್ದದ್ದು ಬೇರೆಡೆ. ಮೊದಲು ತಲುಪುವವರಿಗೆ ಸರಿಯಾದ ದೋಣಿ, ಉಪಕರಣ, ತರಬೇತಿ ಇವೆಯೇ? ಎಲ್ಲಕ್ಕಿಂತ ಹೆಚ್ಚಾಗಿ, ತಮ್ಮದೇ ಕಡಲಲ್ಲಿ ಅಪಘಾತವಾದಾಗ ಏನು ಮಾಡಬೇಕೆಂದು ನಿರ್ಧರಿಸುವ ಮೇಜಿನಲ್ಲಿ ಅವರಿಗೆ ಕುರ್ಚಿ ಇದೆಯೇ? ಕಳೆದ ಹತ್ತು ವರ್ಷಗಳಿಂದ ಈ ಕರಾವಳಿಯ ಪ್ರಾಂತ್ಯವಾದ ಬ್ರಿಟಿಷ್ ಕೊಲಂಬಿಯಾದಲ್ಲಿ ಸರ್ಕಾರ ಮತ್ತು ಮೂಲನಿವಾಸಿಗಳ ನಡುವೆ ನಡೆಯುತ್ತಿರುವ ಮಾತುಕತೆ, ಒಪ್ಪಂದ, ಜಗಳ ಎಲ್ಲದರ ತಿರುಳು ಇದೇ.

ನಕ್ಷೆಯನ್ನು ಎದುರಿಗಿಟ್ಟುಕೊಂಡು ನೋಡಿದರೆ ಈ ಪ್ರಶ್ನೆ ಏಕೆ ಏಳುತ್ತದೆಂದು ತಿಳಿಯುತ್ತದೆ. ನಮ್ಮ ಕಾರವಾರದಿಂದ ಉಳ್ಳಾಲದವರೆಗಿನ ಕರಾವಳಿ ಹೆಚ್ಚುಕಡಿಮೆ ಒಂದೇ ಗೆರೆ. ಅದರ ಪಕ್ಕದಲ್ಲೇ ಹೆದ್ದಾರಿ, ರೈಲು. ಬ್ರಿಟಿಷ್ ಕೊಲಂಬಿಯಾದ ಕರಾವಳಿ ಹಾಗಲ್ಲ. ಸಾವಿರಾರು ದ್ವೀಪಗಳು, ಪರ್ವತಗಳ ನಡುವೆ ಒಳಕ್ಕೆ ನುಗ್ಗಿದ ಉದ್ದುದ್ದ ಕಡಲ ಕಾಲುವೆಗಳು. ಎಲ್ಲ ತಿರುವುಗಳನ್ನೂ ಅಳೆದರೆ 25 ಸಾವಿರ ಕಿಲೋಮೀಟರ್‌ಗೂ ಹೆಚ್ಚು. ಇದರಲ್ಲಿ ರಸ್ತೆ ಬಂದು ಮುಟ್ಟುವ ಜಾಗಗಳು ಬೆರಳೆಣಿಕೆಯಷ್ಟು. ಶೋಧ ಮತ್ತು ರಕ್ಷಣೆಯ ಸಮನ್ವಯ ಕೇಂದ್ರ ದಕ್ಷಿಣದ ತುದಿಯಲ್ಲಿರುವ ವಿಕ್ಟೋರಿಯಾದಲ್ಲಿದೆ. ವಾಯುಪಡೆಯ ರಕ್ಷಣಾ ಹೆಲಿಕಾಪ್ಟರ್‌ಗಳು ವ್ಯಾಂಕೂವರ್ ದ್ವೀಪದ ಕೋಮಾಕ್ಸ್‌ನಲ್ಲಿವೆ. ಮಧ್ಯ ಕರಾವಳಿಯಲ್ಲಿ ಹಡಗು ಕೆಟ್ಟರೆ ಎರಡೂ ಕಡೆಯಿಂದ ಗಂಟೆಗಟ್ಟಲೆ ದೂರ. ಅದರ ಮೇಲೆ 2015 ಮತ್ತು 2016ರಲ್ಲಿ ಸರ್ಕಾರ ವ್ಯಾಂಕೂವರ್, ಯುಕ್ಲೂಲೆಟ್, ಕೋಮಾಕ್ಸ್ ರೇಡಿಯೊ ಕೇಂದ್ರಗಳನ್ನು ಮುಚ್ಚಿ, ಇಡೀ ಕರಾವಳಿಯ ಸಂಪರ್ಕವನ್ನು ವಿಕ್ಟೋರಿಯಾ ಮತ್ತು ಉತ್ತರದ ಪ್ರಿನ್ಸ್ ರೂಪರ್ಟ್ ಎಂಬ ಎರಡೇ ಕೇಂದ್ರಗಳಿಗೆ ಒಪ್ಪಿಸಿತು. ಯಂತ್ರಗಳು ಹೊಸದಾದವು, ನಿಜ. ಆದರೆ ಯಾವ ಬಂಡೆಯ ಹಿಂದೆ ಯಾವ ಹೊತ್ತಿನಲ್ಲಿ ಸೆಳೆತ ತಿರುಗುತ್ತದೆ ಎಂಬುದನ್ನು ದಿನವೂ ಕಿಟಕಿಯಿಂದ ನೋಡುತ್ತಿದ್ದವರು ದೂರವಾದರು.

ಆ ತಿಳಿವಳಿಕೆ ಈಗಲೂ ಇರುವುದು ಕಡಲಂಚಿನ ಹಳ್ಳಿಗಳಲ್ಲಿ. ಅಹೌಸಾಟ್, ಹೈಲ್ಟ್ಸುಕ್, ಗಿಟ್‌ಗಾಟ್, ಹೈಡಾ, ಕಿಟಾಸೂ ಹೀಗೆ ಹತ್ತಾರು ಸಮುದಾಯಗಳು ಈ ನೀರಿನಲ್ಲಿ ಸಾವಿರಾರು ವರ್ಷಗಳಿಂದ ಬದುಕಿವೆ. ಕೆನಡಾ ಇವರನ್ನು ‘ಫಸ್ಟ್ ನೇಷನ್ಸ್’ ಎನ್ನುತ್ತದೆ. ಈ ಹೆಸರಿನಲ್ಲಿರುವ ‘ನೇಷನ್’ ಎಂಬ ಪದವನ್ನು ಗಮನಿಸಬೇಕು. ಬ್ರಿಟಿಷ್ ಕೊಲಂಬಿಯಾದ ಬಹುಭಾಗದಲ್ಲಿ ಬ್ರಿಟಿಷ್ ಆಡಳಿತಗಾರರು ಮೂಲನಿವಾಸಿಗಳೊಡನೆ ಯಾವ ಒಪ್ಪಂದವನ್ನೂ ಮಾಡಿಕೊಳ್ಳದೆ ನೆಲ ಹಿಡಿದರು. ಆದ್ದರಿಂದ ಇಲ್ಲಿನ ಸಮುದಾಯಗಳ ವಾದ ನೇರವಾಗಿದೆ: ನಾವು ಈ ನೆಲವನ್ನೂ ಕಡಲನ್ನೂ ಯಾರಿಗೂ ಬಿಟ್ಟುಕೊಟ್ಟಿಲ್ಲ, ಇಲ್ಲಿ ನಮ್ಮದೂ ಒಂದು ಆಡಳಿತ. ಕಡಲ ಸುರಕ್ಷತೆಯ ಚರ್ಚೆಗೆ ಅವರು ಬರುವುದು ಒಂದು ಆಡಳಿತವಾಗಿ. ಸರ್ಕಾರ ಬಹುಕಾಲ ಅವರನ್ನು ಕಂಡದ್ದು ಸ್ವಯಂಸೇವಕರಾಗಿ. ಈ ಅಂತರ ಎಷ್ಟು ದೊಡ್ಡದು ಎಂಬುದು 2016ರ ಒಂದು ರಾತ್ರಿ ಬಯಲಾಯಿತು.

ಅಕ್ಟೋಬರ್ 13ರ ನಸುಕು, ಒಂದು ಗಂಟೆ ದಾಟಿತ್ತು. ಅಲಾಸ್ಕದಲ್ಲಿ ಇಂಧನ ಇಳಿಸಿ ಖಾಲಿಯಾಗಿದ್ದ ಬಾರ್ಜ್ (ಸ್ವಂತ ಎಂಜಿನ್ ಇಲ್ಲದ ಚಪ್ಪಟೆ ಸರಕು ಹಡಗು) ಒಂದನ್ನು ತಳ್ಳಿಕೊಂಡು ‘ನೇಥನ್ ಇ. ಸ್ಟುವರ್ಟ್’ ಎಂಬ ಟಗ್, ಅಂದರೆ ಬೇರೆ ಹಡಗುಗಳನ್ನು ಎಳೆಯುವ, ತಳ್ಳುವ ಹಡಗು, ದಕ್ಷಿಣಕ್ಕೆ ಬರುತ್ತಿತ್ತು. ಅದು ಅಮೆರಿಕದ ಟೆಕ್ಸಸ್ ಮೂಲದ ಕರ್ಬಿ ಕಂಪನಿಗೆ ಸೇರಿದ್ದು. ಕಾವಲಿನಲ್ಲಿದ್ದ ಒಬ್ಬನೇ ಅಧಿಕಾರಿ ನಿದ್ದೆಗೆ ಜಾರಿದ್ದ ಎಂದು ಕೆನಡಾದ ಸಾರಿಗೆ ಸುರಕ್ಷತಾ ಮಂಡಳಿಯ ತನಿಖೆ ಮುಂದೆ ಹೇಳಿತು. ತಿರುಗಬೇಕಾದ ಜಾಗ ತಪ್ಪಿತು. ಬೆಲ್ಲಾ ಬೆಲ್ಲಾ ಎಂಬ ಹೈಲ್ಟ್ಸುಕ್ ಊರಿನ ಪಶ್ಚಿಮಕ್ಕೆ, ಸೀಫೋರ್ತ್ ಕಾಲುವೆಯ ಬಂಡೆಸಾಲಿಗೆ ಟಗ್ ಏರಿತು. ಈ ಕಡಲಿನಲ್ಲಿ ದೊಡ್ಡ ಹಡಗುಗಳು ಸ್ಥಳೀಯ ಜಲಮಾರ್ಗ ಬಲ್ಲ ಪೈಲಟ್ ಒಬ್ಬರನ್ನು ಹತ್ತಿಸಿಕೊಳ್ಳಬೇಕೆಂಬ ನಿಯಮವಿದೆ. ಈ ಟಗ್‌ಗೆ ಆ ನಿಯಮದಿಂದ ವಿನಾಯಿತಿ ಕೊಡಲಾಗಿತ್ತು.

ಬೆಳಿಗ್ಗೆ ಟಗ್ ಮುಳುಗಿತು. ಅದರ ತೊಟ್ಟಿಗಳಿಂದ ಸುಮಾರು 1.10 ಲಕ್ಷ ಲೀಟರ್ ಡೀಸೆಲ್ ಮತ್ತು ಇತರ ಎಣ್ಣೆ ಕಡಲಿಗೆ ಸೋರಿತು. ಹೈಲ್ಟ್ಸುಕ್ ಜನರ ದೋಣಿಗಳು ಆಗಲೇ ಅಲ್ಲಿದ್ದವು. ಎಣ್ಣೆ ತಡೆಯುವ ಕಾನೂನುಬದ್ಧ ಹೊಣೆ ಹೊತ್ತ ಸಂಸ್ಥೆಯ ಹಡಗುಗಳು ಪ್ರಿನ್ಸ್ ರೂಪರ್ಟ್‌ನಿಂದ ಹೊರಟು ಬರಬೇಕಿತ್ತು. ಅವು ತಲುಪುವ ಹೊತ್ತಿಗೆ ಎಣ್ಣೆ ಹರಡಿಯಾಗಿತ್ತು. ಆಮೇಲೆ ತೂಫಾನು ಎದ್ದಿತು. ಎಣ್ಣೆಯನ್ನು ಸುತ್ತುಗಟ್ಟಲು ಹಾಕಿದ್ದ ತೇಲುಬೇಲಿಗಳನ್ನು ಅಲೆಗಳು ಕಿತ್ತು ಎಸೆದವು. ಮುಳುಗಿದ ಟಗ್ಗನ್ನು ಮೇಲೆತ್ತುವಷ್ಟರಲ್ಲಿ ಒಂದು ತಿಂಗಳೇ ಕಳೆಯಿತು.

ಅಪಘಾತ ನಡೆದ ಗೇಲ್ ಕ್ರೀಕ್ ಹೈಲ್ಟ್ಸುಕ್ ಜನರ ಪ್ರಾಚೀನ ಊರೊಂದರ ನೆಲೆ. ನಮ್ಮಲ್ಲಿ ಮರುವಾಯಿ, ಬಳಚು ಎನ್ನುತ್ತೇವಲ್ಲ, ಆ ಜಾತಿಯ ಚಿಪ್ಪುಮೀನು ಅಲ್ಲಿನ ಮರಳಲ್ಲಿ ಹೇರಳವಾಗಿ ಸಿಗುತ್ತಿತ್ತು. ಚಳಿಗಾಲದಲ್ಲಿ ಬೇರೆ ದುಡಿಮೆ ಇಲ್ಲದಾಗ ಅದನ್ನು ತೋಡಿ ಮಾರಿಯೇ ಹಲವು ಮನೆಗಳ ಒಲೆ ಉರಿಯುತ್ತಿತ್ತು. ಕಡಲ ಪಾಚಿ, ಹೆರಿಂಗ್ ಮೀನಿನ ಮೊಟ್ಟೆ, ಹೀಗೆ ಹತ್ತಾರು ಬಗೆಯ ಆಹಾರ ಬರುತ್ತಿದ್ದುದೂ ಅಲ್ಲಿಂದಲೇ. ಸೋರಿಕೆಯಾದ ಮೇಲೆ ಚಿಪ್ಪುಮೀನಿನ ಕೊಯ್ಲು ನಿಂತಿತು. ಕೊಯ್ಲು ನಿಂತರೆ ದುಡ್ಡಷ್ಟೇ ಹೋಗುವುದಿಲ್ಲ. ಯಾವ ಇಳಿತದಲ್ಲಿ ಎಲ್ಲಿ ತೋಡಬೇಕು, ಎಷ್ಟು ಬಿಡಬೇಕು ಎಂದು ಅಜ್ಜಿ ಮೊಮ್ಮಗಳಿಗೆ ತೋರಿಸಿಕೊಡುವ ಜಾಗವೇ ಹೋದಂತೆ. ಈ ನಷ್ಟಕ್ಕೆ ಕಾನೂನಿನಲ್ಲಿ ಬೆಲೆ ಇಲ್ಲ. ಹಡಗು ಮಾಲಿನ್ಯದ ಪರಿಹಾರ ನಿಯಮಗಳು ಲೆಕ್ಕಕ್ಕೆ ಸಿಗುವ ಆದಾಯ ನಷ್ಟವನ್ನೂ ಶುಚಿಗೊಳಿಸಿದ ವೆಚ್ಚವನ್ನೂ ಗುರುತಿಸುತ್ತವೆ. ಒಂದು ಸಂಸ್ಕೃತಿಗೆ ಬಿದ್ದ ಪೆಟ್ಟನ್ನು ಗುರುತಿಸುವುದಿಲ್ಲ. ಹೈಲ್ಟ್ಸುಕ್ ನಾಯಕರು ಈ ಪ್ರಶ್ನೆಯನ್ನು ಲಂಡನ್ನಿನಲ್ಲಿರುವ ಅಂತಾರಾಷ್ಟ್ರೀಯ ಕಡಲಯಾನ ಸಂಸ್ಥೆಯ ಬಾಗಿಲವರೆಗೂ ಒಯ್ದಿದ್ದಾರೆ.

ಕರ್ಬಿ ಕಂಪನಿ 2019ರಲ್ಲಿ ತಪ್ಪೊಪ್ಪಿಕೊಂಡಿತು. ಸುಮಾರು 29 ಲಕ್ಷ ಕೆನಡಾ ಡಾಲರ್ ದಂಡ ಬಿತ್ತು. ವಿಚಾರಣೆ ಬೆಲ್ಲಾ ಬೆಲ್ಲಾದಲ್ಲೇ ನಡೆದು, ಊರಿನವರು ನ್ಯಾಯಾಧೀಶರ ಎದುರು ನಿಂತು ತಮ್ಮ ಮಾತು ಹೇಳಿದರು. ಆದರೆ ನನ್ನ ದೃಷ್ಟಿಯಲ್ಲಿ ಈ ಪ್ರಕರಣದ ಅತಿ ಮುಖ್ಯ ದಾಖಲೆ ನ್ಯಾಯಾಲಯದ್ದಲ್ಲ. ಮೊದಲ 48 ಗಂಟೆಗಳಲ್ಲಿ ಏನೇನಾಯಿತು ಎಂದು ಹೈಲ್ಟ್ಸುಕ್ ಆಡಳಿತವೇ ತನಿಖೆ ಮಾಡಿ 2017ರಲ್ಲಿ ಪ್ರಕಟಿಸಿದ ವರದಿ ಅದು. ಯಾರು ಆಜ್ಞೆ ಕೊಡಬೇಕೆಂಬ ಗೊಂದಲ, ತಡವಾಗಿ ಬಂದ ಮತ್ತು ಸಾಲದೇ ಹೋದ ಸಾಮಗ್ರಿ, ಡೀಸೆಲ್ ಹೊಗೆಯ ನಡುವೆ ಕೆಲಸ ಮಾಡಿದ ಊರಿನವರಿಗೆ ಸರಿಯಾದ ರಕ್ಷಣಾ ಉಡುಪೂ ಎಚ್ಚರಿಕೆಯೂ ಸಿಗದೇ ಹೋದದ್ದು, ಎಲ್ಲವೂ ಅದರಲ್ಲಿವೆ. ತೊಂದರೆಗೊಳಗಾದವರು ಅರ್ಜಿ ಬರೆಯುವುದು ನಮಗೆಲ್ಲ ಗೊತ್ತಿರುವ ರೂಢಿ. ಇಲ್ಲಿ ತೊಂದರೆಗೊಳಗಾದವರು ತನಿಖಾ ವರದಿ ಬರೆದರು. ಆಡಳಿತ ಎಂದು ಹೇಳಿಕೊಳ್ಳುವವರು ಆಡಳಿತದಂತೆ ನಡೆದುಕೊಂಡದ್ದು ಹೀಗೆ.

ಇಲ್ಲಿ ತುರ್ತು ವ್ಯವಸ್ಥೆಯ ರಚನೆಯನ್ನು ಸ್ವಲ್ಪ ಬಿಡಿಸಿ ಹೇಳಬೇಕು. ಕೆನಡಾದಲ್ಲಿ ಹಡಗಿನಿಂದ ಎಣ್ಣೆ ಸೋರಿದರೆ ಶುಚಿಗೊಳಿಸುವ ಮೊದಲ ಹೊಣೆ ಹಡಗಿನ ಮಾಲೀಕನದು. ಆತ ಮೊದಲೇ ಒಪ್ಪಂದ ಮಾಡಿಕೊಂಡಿರುವ ಖಾಸಗಿ ಸಂಸ್ಥೆ ಕೆಲಸಕ್ಕಿಳಿಯುತ್ತದೆ. ಕೋಸ್ಟ್ ಗಾರ್ಡ್ ಮೇಲ್ವಿಚಾರಣೆ ಮಾಡುತ್ತದೆ. ಮಾಲೀಕ ಕೈಚೆಲ್ಲಿದರೆ ತಾನೇ ವಹಿಸಿಕೊಳ್ಳುತ್ತದೆ. ಹಡಗು ಸಂಚಾರ ಕೇಂದ್ರ ಸರ್ಕಾರದ ವಿಷಯ, ದಡ ಬಹುಮಟ್ಟಿಗೆ ಪ್ರಾಂತ್ಯದ ವಿಷಯ. ಎಲ್ಲರೂ ಒಟ್ಟಿಗೆ ನಿರ್ಧರಿಸಲು ಒಂದು ಜಂಟಿ ನಾಯಕತ್ವದ ಕೋಣೆ ತೆರೆಯುತ್ತಾರೆ. ಬೆಲ್ಲಾ ಬೆಲ್ಲಾದಲ್ಲಿ ಆ ಕೋಣೆಗೆ ಹೈಲ್ಟ್ಸುಕ್ ಪ್ರತಿನಿಧಿಗಳೂ ಸೇರಿದರು. ಆದರೆ ನೀರಿನ ಮೇಲೆ ಎಣ್ಣೆಯ ಭವಿಷ್ಯ ತೀರ್ಮಾನವಾಗುವುದು ಮೊದಲ ಕೆಲವು ಗಂಟೆಗಳಲ್ಲಿ. ಯಾವ ಅಳಿವೆಗೆ ಮೊದಲು ಬೇಲಿ ಹಾಕಬೇಕು, ಯಾವುದನ್ನು ಕೈಬಿಡಬೇಕು ಎಂದು ಆಗಲೇ ಹೇಳಬೇಕು. ಅದನ್ನು ಹೇಳಬಲ್ಲವರು ದೋಣಿಯಲ್ಲಿದ್ದರು. ಹೇಳುವ ಅಧಿಕಾರ ಬೇರೆಯವರ ಕೈಯಲ್ಲಿತ್ತು.

ಅಪಘಾತವಾಗಿ ತಿಂಗಳೊಳಗೆ, 2016ರ ನವೆಂಬರ್‌ನಲ್ಲಿ, ಅಂದಿನ ಪ್ರಧಾನಿ ಜಸ್ಟಿನ್ ಟ್ರೂಡೊ 150 ಕೋಟಿ ಡಾಲರ್‌ಗಳ ಕಡಲ ರಕ್ಷಣಾ ಯೋಜನೆ ಘೋಷಿಸಿದರು. 2022ರಲ್ಲಿ ಅದಕ್ಕೆ ಒಂಬತ್ತು ವರ್ಷಗಳಲ್ಲಿ ಇನ್ನೂ 200 ಕೋಟಿ ಸೇರಿತು. ಈ ದುಡ್ಡಿನಿಂದ ಆದದ್ದು ಸಣ್ಣದೇನಲ್ಲ. 2018ರಲ್ಲಿ ‘ಕೋಸ್ಟಲ್ ನೇಷನ್ಸ್ ಕೋಸ್ಟ್ ಗಾರ್ಡ್ ಆಕ್ಸಿಲಿಯರಿ’ ಹುಟ್ಟಿತು. ಮೂಲನಿವಾಸಿಗಳೇ ನಡೆಸುವ ಇಂಥ ಸಹಾಯಕ ಪಡೆ ಕೆನಡಾದಲ್ಲಿ ಅದೇ ಮೊದಲು. ಅಹೌಸಾಟ್, ಹೈಲ್ಟ್ಸುಕ್ ಮೊದಲಾದ ಸಮುದಾಯಗಳ ಸದಸ್ಯರು ಅದರಲ್ಲಿದ್ದಾರೆ. ಬ್ಯಾಮ್‌ಫೀಲ್ಡ್‌ನ ಕೋಸ್ಟ್ ಗಾರ್ಡ್ ತರಬೇತಿ ಶಾಲೆಯಲ್ಲಿ ಒರಟು ಕಡಲಲ್ಲಿ ವೇಗದ ದೋಣಿ ನಡೆಸುವುದನ್ನೂ ಶೋಧಕಾರ್ಯವನ್ನೂ ಅವರಿಗೆ ಕಲಿಸಲಾಗುತ್ತದೆ. ರಕ್ಷಣಾ ಕೆಲಸಕ್ಕೆಂದೇ ಕಟ್ಟಿದ ದೋಣಿಗಳನ್ನು ಹಳ್ಳಿಗಳಿಗೆ ಕೊಡುವ ಕಾರ್ಯಕ್ರಮವೂ ಬಂತು. ಮೀನುಗಾರಿಕೆ ದೋಣಿಯಲ್ಲಿ, ಸ್ವಂತ ಇಂಧನ ಸುಟ್ಟು, ವಿಮೆ ಇಲ್ಲದೆ ಹೋಗುತ್ತಿದ್ದವನಿಗೆ ಇದು ದೊಡ್ಡ ಬದಲಾವಣೆ. ಇದನ್ನು ಹಗುರವಾಗಿ ಕಾಣುವವರು ಚಳಿಗಾಲದ ಕಡಲನ್ನು ಕಂಡಿರಲಾರರು.

ಆದರೆ ಸಹಭಾಗಿತ್ವ ಎಂದರೆ ಏನು ಎಂದು ನನಗೆ ತೋರಿಸಿಕೊಟ್ಟ ಉದಾಹರಣೆ ದೋಣಿಯದಲ್ಲ, ಒಂದು ಗೆರೆಯದು. ಅದು ಉತ್ತರ ಕರಾವಳಿಯಾಚೆ ಇರುವ, ಹೈಡಾ ಜನರ ಹೈಡಾ ಗ್ವಾಯ್ ದ್ವೀಪಸ್ತೋಮದ ಪಶ್ಚಿಮಕ್ಕೆ ಕಡಲಲ್ಲಿ ಎಳೆದಿರುವ ಗೆರೆ.

2014ರ ಅಕ್ಟೋಬರ್‌ನಲ್ಲಿ ‘ಸಿಮುಷಿರ್’ ಎಂಬ ರಷ್ಯಾದ ಸರಕು ಹಡಗು ಬಿರುಗಾಳಿಯಲ್ಲಿ ಎಂಜಿನ್ ಕೆಟ್ಟು ಹೈಡಾ ಗ್ವಾಯ್ ಕಡೆಗೆ ತೇಲತೊಡಗಿತು. ಹೊಟ್ಟೆಯಲ್ಲಿ ನೂರಾರು ಟನ್ ಇಂಧನ. ಸ್ಥಳಕ್ಕೆ ಬಂದ ಕೋಸ್ಟ್ ಗಾರ್ಡ್ ಹಡಗು ಅಷ್ಟು ದೊಡ್ಡ ಹಡಗನ್ನು ಎಳೆಯಲು ಕಟ್ಟಿದ್ದಲ್ಲ. ಹಗ್ಗ ಕಟ್ಟಿ ಎಳೆಯಿತು, ಹರಿಯಿತು. ಮತ್ತೆ ಕಟ್ಟಿತು, ಮತ್ತೆ ಹರಿಯಿತು. ಹೇಗೋ ದಡದಿಂದ ಒಂದಷ್ಟು ದೂರ ಸರಿಸಿತು. ಕೊನೆಗೆ ಅಮೆರಿಕದ ದೊಡ್ಡ ಟಗ್ ಒಂದು ಬಂದು ಅದನ್ನು ಪ್ರಿನ್ಸ್ ರೂಪರ್ಟ್‌ಗೆ ಎಳೆದೊಯ್ದಿತು. ಗಾಳಿ ಇನ್ನೊಂದು ದಿಕ್ಕಿಗೆ ಬೀಸಿದ್ದರೆ ಎಂಬ ಯೋಚನೆ ಹೈಡಾ ಜನರನ್ನು ಆಮೇಲೆ ಬಿಡಲಿಲ್ಲ.

ಇದರಿಂದ ಹೊರಟ ಲೆಕ್ಕ ಸರಳವಾದುದು. ಎಂಜಿನ್ ಕೆಟ್ಟ ಹಡಗು ದಡಕ್ಕೆ ಬಡಿಯಲು ಎಷ್ಟು ಗಂಟೆ ಬೇಕು? ಎಳೆಯುವ ಟಗ್ ಬರಲು ಎಷ್ಟು ಗಂಟೆ ಬೇಕು? ಎರಡನೆಯದು ಮೊದಲನೆಯದಕ್ಕಿಂತ ಹೆಚ್ಚಾಗಿದ್ದರೆ ಯಾವ ತುರ್ತು ಯೋಜನೆಯೂ ಕೆಲಸಕ್ಕೆ ಬಾರದು. ಹಾಗಾಗಿ ಎರಡು ಕಡೆಯಿಂದ ಕೆಲಸ ಆಗಬೇಕು: ಟಗ್ ಹತ್ತಿರ ಬರಬೇಕು, ಹಡಗುಗಳು ದೂರ ಸರಿಯಬೇಕು. 2018ರ ಕೊನೆಗೆ ‘ಅಟ್ಲಾಂಟಿಕ್ ಈಗಲ್’, ‘ಅಟ್ಲಾಂಟಿಕ್ ರೇವನ್’ ಎಂಬ ಎರಡು ತುರ್ತು ಎಳೆಹಡಗುಗಳನ್ನು ಸರ್ಕಾರ ಬಾಡಿಗೆಗೆ ತಂದು ಪಶ್ಚಿಮ ಕರಾವಳಿಯಲ್ಲಿ ನಿಲ್ಲಿಸಿತು. 2020ರ ಸೆಪ್ಟೆಂಬರ್‌ನಿಂದ, ಹೈಡಾ ಆಡಳಿತ ಮತ್ತು ಕೇಂದ್ರ ಸಾರಿಗೆ ಇಲಾಖೆ ಜೊತೆಯಾಗಿ ಕುಳಿತು ರೂಪಿಸಿದ ಸ್ವಯಂಪ್ರೇರಿತ ರಕ್ಷಣಾ ವಲಯ ಪ್ರಯೋಗಕ್ಕೆ ಬಂತು: ದೊಡ್ಡ ಹಡಗುಗಳು ದ್ವೀಪದ ಪಶ್ಚಿಮ ದಂಡೆಯಿಂದ 50 ನಾಟಿಕಲ್ ಮೈಲಿ, ಅಂದರೆ ಸುಮಾರು 93 ಕಿಲೋಮೀಟರ್ ದೂರದಲ್ಲಿ ಹೋಗಬೇಕು. ಸುತ್ತಮುತ್ತಲ ಬಂದರುಗಳ ನಡುವೆ ಓಡಾಡುವ ಹಡಗುಗಳಿಗೆ 25 ಮೈಲಿ, ವಿಹಾರ ಹಡಗುಗಳಿಗೆ 12.

ಆ 50 ಮೈಲಿ ಎಂದರೆ ಗಂಟೆಗಳು. ಟಗ್ ಬರುವವರೆಗೆ ಗಾಳಿಯ ಕೈಯಿಂದ ಕಿತ್ತುಕೊಂಡ ಗಂಟೆಗಳು. ನಿಯಮ ಕಡ್ಡಾಯವಲ್ಲದಿದ್ದರೂ ಬಹುತೇಕ ಹಡಗುಗಳು ಅದನ್ನು ಪಾಲಿಸುತ್ತಿವೆ. ಸ್ವಲ್ಪ ಹೊರಳಿ ಹೋಗುವುದಕ್ಕೆ ತಗಲುವ ಇಂಧನ ಹಡಗು ಕಂಪನಿಗಳಿಗೆ ಭಾರವಲ್ಲ. ಇಲ್ಲಿ ಹೈಡಾ ಆಡಳಿತದ ಪಾಲು ಸಲಹೆ ಕೊಡುವುದಕ್ಕೆ ಮುಗಿಯಲಿಲ್ಲ. ಗೆರೆ ಎಲ್ಲಿರಬೇಕೆಂದು ಅದು ಸರ್ಕಾರದೊಡನೆ ಸಮನಾಗಿ ಕುಳಿತು ತೀರ್ಮಾನಿಸಿತು. ಹೈಡಾ ಜನರಿಗೆ ಇದು ಹೊಸದೂ ಅಲ್ಲ. 1981ರಿಂದಲೇ ಅವರ ಕಾವಲುಗಾರರು ಹಳೆಯ ಊರುಗಳ ನೆಲೆಗಳನ್ನು ಕಾಯುತ್ತ ಬಂದಿದ್ದಾರೆ. ಅಲ್ಲಿನ ಗ್ವಾಯ್ ಹಾನಾಸ್ ಸಂರಕ್ಷಿತ ಪ್ರದೇಶವನ್ನು ಸರ್ಕಾರ ಮತ್ತು ಹೈಡಾ ಪ್ರತಿನಿಧಿಗಳ ಜಂಟಿ ಮಂಡಳಿ ನಡೆಸುತ್ತದೆ. ಅಧಿಕಾರ ಹಂಚಿಕೊಂಡರೆ ಆಡಳಿತ ಕುಸಿದುಬೀಳುತ್ತದೆ ಎನ್ನುವವರಿಗೆ ಅಲ್ಲಿ ದಶಕಗಳ ಉತ್ತರವಿದೆ.

ಹಾಗೆಂದು ಆ ವಲಯದ ನಿಯಮಗಳಲ್ಲೂ ಒಂದು ಬಿರುಕಿದೆ. ಟಗ್ ಮತ್ತು ಬಾರ್ಜ್‌ಗಳಿಗೆ ವಿನಾಯಿತಿ ಇದೆ. ನೇಥನ್ ಇ. ಸ್ಟುವರ್ಟ್ ಯಾವ ಜಾತಿಯ ಹಡಗಾಗಿತ್ತೋ ಆ ಜಾತಿಗೇ.

ಇನ್ನು ಆಗದೇ ಉಳಿದದ್ದರ ಕಡೆ ಬರುತ್ತೇನೆ. 2017ರ ನವೆಂಬರ್‌ನಲ್ಲಿ ಹೈಲ್ಟ್ಸುಕ್ ಆಡಳಿತ ಒಂದು ಪೂರ್ಣ ಯೋಜನೆಯನ್ನೇ ಸರ್ಕಾರದ ಮುಂದಿಟ್ಟಿತು: ಮಧ್ಯ ಕರಾವಳಿಗೆ ಮೂಲನಿವಾಸಿಗಳೇ ನಡೆಸುವ ಒಂದು ತುರ್ತು ಸ್ಪಂದನ ಕೇಂದ್ರ. ಬೆಲ್ಲಾ ಬೆಲ್ಲಾ ಹತ್ತಿರದ ಡೆನ್ನಿ ದ್ವೀಪದಲ್ಲಿ ಮುಖ್ಯ ನೆಲೆ, ಸುತ್ತಲಿನ ಊರುಗಳಲ್ಲಿ ಉಪತಂಡಗಳು, ಎಳೆಯುವ ಟಗ್, ಬಾರ್ಜ್, ವೇಗದ ದೋಣಿಗಳು, ಐದು ಗಂಟೆಯೊಳಗೆ ತಲುಪುವ ಗುರಿ. ಅಂದಾಜು ಬಂಡವಾಳ 11 ಕೋಟಿ ಡಾಲರ್‌ಗೂ ಹೆಚ್ಚು. ದೊಡ್ಡ ಮೊತ್ತ ಎನಿಸಬಹುದು; 150 ಕೋಟಿಯ ಯೋಜನೆಯ ಪಕ್ಕದಲ್ಲಿಟ್ಟು ನೋಡಿದರೆ ಹಾಗೆನಿಸದು. ಎಳೆಹಡಗುಗಳ ಗುತ್ತಿಗೆಗೂ ಹೈಲ್ಟ್ಸುಕ್ ಒಂದು ಹಡಗು ಕಂಪನಿಯ ಜೊತೆ ಸೇರಿ ಟೆಂಡರ್ ಹಾಕಿತ್ತು. ಅದು ಬೇರೆಯವರ ಪಾಲಾಯಿತು; ಆಯ್ಕೆ ಸರಿಯಾಗಿ ನಡೆದಿಲ್ಲವೆಂದು ಹೈಲ್ಟ್ಸುಕ್ ಪಾಲುದಾರರು ವ್ಯಾಪಾರ ನ್ಯಾಯಮಂಡಳಿಗೆ ಹೋದರು. ತರಬೇತಿ ಕೊಡಲು ಸರ್ಕಾರ ಸಿದ್ಧವಿತ್ತು. ದೋಣಿ ಕೊಡಲೂ ಸಿದ್ಧವಿತ್ತು. ನೆಲೆ, ದೊಡ್ಡ ಹಡಗು, ವರ್ಷವಿಡೀ ಸಂಬಳ ಪಡೆಯುವ ಸಿಬ್ಬಂದಿ, ಆಜ್ಞೆ ಕೊಡುವ ಹಕ್ಕು ಎಂಬಲ್ಲಿಗೆ ಬಂದಾಗ ಮಾತು ನಿಧಾನವಾಗುತ್ತದೆ.

ಹಣದ ಸ್ವರೂಪದಲ್ಲೂ ಇದೇ ತೊಡಕು. ಸರ್ಕಾರದ ಕಾರ್ಯಕ್ರಮಗಳಿಗೆ ಅವಧಿ ಇರುತ್ತದೆ: ಮೂರು ವರ್ಷ, ಐದು ವರ್ಷ, ಒಂಬತ್ತು ವರ್ಷ. ಹಳ್ಳಿಯ ಹುಡುಗನೊಬ್ಬ ದೋಣಿ ನಡೆಸುವುದನ್ನು, ಎಣ್ಣೆ ತಡೆಯುವುದನ್ನು, ರೇಡಿಯೊ ಶಿಸ್ತನ್ನು ಕಲಿತು ಪಳಗಲು ವರ್ಷಗಳೇ ಬೇಕು. ಅಷ್ಟರಲ್ಲಿ ಅನುದಾನ ಮುಗಿದರೆ ಅವನು ಬದುಕು ಅರಸಿ ಪೇಟೆಗೆ ಹೋಗುತ್ತಾನೆ. ಅವನ ಜೊತೆಗೆ ತರಬೇತಿಯೂ ಹೋಗುತ್ತದೆ. ಕೋಸ್ಟ್ ಗಾರ್ಡ್ ನೌಕರನ ಹುದ್ದೆಗೆ ಇರುವ ಭದ್ರತೆ ಅದೇ ನೀರಿನಲ್ಲಿ ಅದೇ ಅಪಾಯಕ್ಕೆ ಇಳಿಯುವ ಹಳ್ಳಿಯವನಿಗೂ ಇರಬೇಕಲ್ಲವೇ?

ಕಾನೂನು ಮಾತ್ರ ಒಂದೊಂದೇ ಹೆಜ್ಜೆ ಮುಂದೆ ಬಂದಿದೆ. ಮೂಲನಿವಾಸಿಗಳ ಹಕ್ಕುಗಳ ಕುರಿತ ವಿಶ್ವಸಂಸ್ಥೆಯ ಘೋಷಣೆಯನ್ನು ಬ್ರಿಟಿಷ್ ಕೊಲಂಬಿಯಾ 2019ರಲ್ಲಿ, ಕೇಂದ್ರ ಸರ್ಕಾರ 2021ರಲ್ಲಿ ಕಾಯ್ದೆಯ ಮೂಲಕ ಒಪ್ಪಿಕೊಂಡವು. 2023ರ ನವೆಂಬರ್‌ನಲ್ಲಿ ಜಾರಿಗೆ ಬಂದ ಪ್ರಾಂತ್ಯದ ವಿಪತ್ತು ನಿರ್ವಹಣಾ ಕಾಯ್ದೆ ಮೂಲನಿವಾಸಿ ಆಡಳಿತಗಳನ್ನು ತುರ್ತು ಸಂದರ್ಭದ ನಿರ್ಧಾರಗಳಲ್ಲಿ ಪಾಲುದಾರರೆಂದು ಗುರುತಿಸಿತು. ಉದ್ಯಾನ ರಕ್ಷಣೆಯಲ್ಲೂ ಇಂಥದೊಂದು ಪ್ರಯೋಗ ನಡೆದಿದೆ: 2022ರಿಂದ ಕಿಟಾಸೂ ಮತ್ತು ನುಹಾಲ್ಕ್ ಕಾವಲುಗಾರರಿಗೆ ಪ್ರಾಂತ್ಯದ ಉದ್ಯಾನ ರೇಂಜರ್‌ಗಳ ಅಧಿಕಾರ ಸಿಕ್ಕಿದೆ. ನೆಲದ ಮೇಲೆ ಸಾಧ್ಯವಾದದ್ದು ನೀರಿನ ಮೇಲೆ ಏಕೆ ಕಷ್ಟ? ಏಕೆಂದರೆ ಹಡಗು ಸಂಚಾರ ಪ್ರಾಂತ್ಯದ ಕೈಯಲ್ಲಿಲ್ಲ, ಅದು ಕೇಂದ್ರದ್ದು. ಹಡಗು ಮಾಲೀಕರು ಬೇರೆ ದೇಶದವರು, ಪರಿಹಾರದ ನಿಯಮಗಳು ಅಂತಾರಾಷ್ಟ್ರೀಯ.

ಇದನ್ನೆಲ್ಲ ಓದುವಾಗ ನಮ್ಮ ಕರಾವಳಿ ಕಣ್ಣೆದುರು ಬಾರದೇ ಇರದು. 2025ರ ಮೇ 25ರಂದು ಕೊಚ್ಚಿಯ ಹೊರಗೆ ‘ಎಂಎಸ್‌ಸಿ ಎಲ್ಸಾ 3’ ಮುಳುಗಿ ಕಂಟೇನರ್‌ಗಳು, ಪ್ಲಾಸ್ಟಿಕ್ ಕಾಳುಗಳು ಕೇರಳದ ದಂಡೆಗೆ ಬಂದು ಬಿದ್ದಾಗ ಬಲೆ ಬಿಚ್ಚಲಾಗದೆ ಕುಳಿತವರು ಮೀನುಗಾರರು. ಎರಡು ವಾರದೊಳಗೆ ಕಣ್ಣೂರಿನ ಆಚೆ ‘ವಾನ್ ಹೈ 503’ ಹೊತ್ತಿ ಉರಿದಾಗ ಬದುಕುಳಿದ 18 ನಾವಿಕರನ್ನು ತಂದದ್ದು ನಮ್ಮ ಮಂಗಳೂರಿಗೆ. 2018ರ ಡಿಸೆಂಬರ್‌ನಲ್ಲಿ ಮಲ್ಪೆಯಿಂದ ಹೊರಟ ‘ಸುವರ್ಣ ತ್ರಿಭುಜ’ ಏಳು ಮೀನುಗಾರರೊಡನೆ ಕಣ್ಮರೆಯಾಗಿ, ತಿಂಗಳುಗಳ ನಂತರ ಮಹಾರಾಷ್ಟ್ರದ ಕಡಲ ತಳದಲ್ಲಿ ಅದರ ಅವಶೇಷ ಸಿಕ್ಕಿತು. ನಮ್ಮ ಮೊಗವೀರರು, ಖಾರ್ವಿಗಳು ಕೂಡ ಅಪಘಾತಕ್ಕೆ ಮೊದಲು ತಲುಪುವವರೇ. ಭದ್ರತಾ ಪಡೆಗಳು ಅವರನ್ನು ಕಡಲಿನ ಕಣ್ಣು, ಕಿವಿ ಎಂದು ಕರೆಯುತ್ತವೆ. ಆದರೆ ಎರಡನ್ನೂ ಒಂದೇ ತಕ್ಕಡಿಯಲ್ಲಿ ತೂಗಲಾಗದು. ನಮ್ಮ ಮೀನುಗಾರರು ನಾಗರಿಕರಾಗಿ ಕೇಳುತ್ತಾರೆ. ಹೈಲ್ಟ್ಸುಕ್, ಹೈಡಾ ಜನರು ಕೇಳುವುದು ಆಡಳಿತವಾಗಿ, ಎಂದೂ ಬಿಟ್ಟುಕೊಡದ ಕಡಲಿನ ಒಡೆಯರಾಗಿ. ಇನ್ನೊಂದು ವಿಷಯ ಮಾತ್ರ ಈಗ ಎರಡೂ ದೇಶಗಳಿಗೆ ಸಮಾನವಾಗಿದೆ. ನಮ್ಮ ಕೋಸ್ಟ್ ಗಾರ್ಡ್ ಮೊದಲಿನಿಂದಲೂ ರಕ್ಷಣಾ ಸಚಿವಾಲಯದ ಅಡಿಯಲ್ಲಿದೆ. ಕೆನಡಾದ ಕೋಸ್ಟ್ ಗಾರ್ಡ್ ಬಹುಕಾಲ ಮೀನುಗಾರಿಕೆ ಮತ್ತು ಸಾಗರ ಇಲಾಖೆಯಲ್ಲಿತ್ತು. 2025ರ ಸೆಪ್ಟೆಂಬರ್‌ನಲ್ಲಿ ಅದನ್ನೂ ರಕ್ಷಣಾ ಇಲಾಖೆಗೆ ಸೇರಿಸಲಾಯಿತು. ಗಡಿ ಕಾವಲಿಗೆ ಒತ್ತು ಹೆಚ್ಚುತ್ತಿರುವಾಗ ಹಳ್ಳಿಗಳೊಡನೆ ಹತ್ತು ವರ್ಷ ಕಷ್ಟಪಟ್ಟು ಕಟ್ಟಿದ ಸಂಬಂಧ ಹಿಂದೆ ಸರಿದೀತೆಂಬ ಆತಂಕ ನನ್ನದು.

ಈ ಆತಂಕಕ್ಕೆ ಇನ್ನೊಂದು ಕಾರಣವೂ ಇದೆ. 2019ರ ತೈಲ ಹಡಗು ನಿಷೇಧ ಕಾಯ್ದೆಯಂತೆ, 12,500 ಟನ್‌ಗಿಂತ ಹೆಚ್ಚು ಕಚ್ಚಾತೈಲ ಅಥವಾ ಅಂಥದೇ ಗಟ್ಟಿ ಎಣ್ಣೆ ಹೊತ್ತ ಹಡಗುಗಳು ಉತ್ತರ ಕರಾವಳಿಯ ಬಂದರುಗಳಲ್ಲಿ ಎಣ್ಣೆ ತುಂಬುವಂತಿಲ್ಲ, ಇಳಿಸುವಂತಿಲ್ಲ. ಡೀಸೆಲ್ ಅದರ ವ್ಯಾಪ್ತಿಗೆ ಬರುವುದಿಲ್ಲ. ಅಂದರೆ 2016ರ ಅಪಘಾತವನ್ನು ಈ ಕಾಯ್ದೆಯೂ ತಡೆಯುತ್ತಿರಲಿಲ್ಲ. 2025ರ ನವೆಂಬರ್‌ನಲ್ಲಿ ಪ್ರಧಾನಿ ಮಾರ್ಕ್ ಕಾರ್ನಿ ಆಲ್ಬರ್ಟಾ ಪ್ರಾಂತ್ಯದೊಡನೆ ಪಶ್ಚಿಮ ಕರಾವಳಿಗೆ ಹೊಸ ತೈಲ ಕೊಳವೆ ಹಾಕುವ ಕುರಿತು ತಿಳಿವಳಿಕೆ ಪತ್ರಕ್ಕೆ ಸಹಿ ಹಾಕಿದರು. ಅಗತ್ಯವಿದ್ದರೆ ಆ ನಿಷೇಧವನ್ನೂ ಹೊಂದಿಸಿಕೊಳ್ಳುವ ಮಾತು ಅದರಲ್ಲಿದೆ. ಮರುತಿಂಗಳೇ ಫಸ್ಟ್ ನೇಷನ್ಸ್‌ಗಳ ರಾಷ್ಟ್ರೀಯ ಸಭೆ ಅದನ್ನು ಹಿಂತೆಗೆದುಕೊಳ್ಳುವಂತೆ ಒತ್ತಾಯಿಸಿತು. ಹೈಲ್ಟ್ಸುಕ್ ಮುಖ್ಯಸ್ಥೆಯೂ ಕರಾವಳಿ ಸಮುದಾಯಗಳ ಒಕ್ಕೂಟದ ಅಧ್ಯಕ್ಷೆಯೂ ಆದ ಮಾರಿಲಿನ್ ಸ್ಲೆಟ್ ಕಟುವಾಗಿ ವಿರೋಧಿಸಿದರು.

ಕೊಳವೆ ಬೇಕೆನ್ನುವವರು ಯಾವಾಗಲೂ ಒಂದು ಮಾತು ಸೇರಿಸುತ್ತಾರೆ: ವಿಶ್ವದರ್ಜೆಯ ತುರ್ತು ಸ್ಪಂದನ ವ್ಯವಸ್ಥೆ ಇರುತ್ತದೆ, ಮೂಲನಿವಾಸಿಗಳೂ ಅದರ ಪಾಲುದಾರರಾಗುತ್ತಾರೆ ಎಂದು. ಹೈಲ್ಟ್ಸುಕ್ ಜನರು 2017ರಲ್ಲಿ ಕೇಳಿದ ಕೇಂದ್ರ ಇಂಥ ಯಾವ ಕೊಳವೆಗೂ ಪ್ರತಿಯಾಗಿ ಕೇಳಿದ್ದಲ್ಲ. ಆಗಲೇ ಓಡಾಡುತ್ತಿದ್ದ ಹಡಗುಗಳಿಗಾಗಿ ಕೇಳಿದ್ದು. ಗೇಲ್ ಕ್ರೀಕ್‌ನ ಚಿಪ್ಪುಮೀನಿನ ಮರಳನ್ನು ಕೆಡಿಸಲು ಖಾಲಿ ಬಾರ್ಜ್ ತಳ್ಳುತ್ತಿದ್ದ ಒಂದು ಟಗ್‌ನ ಸ್ವಂತ ತೊಟ್ಟಿಯ 1.10 ಲಕ್ಷ ಲೀಟರ್ ಸಾಕಾಯಿತು. ಅತಿ ದೊಡ್ಡ ಕಚ್ಚಾತೈಲ ಹಡಗೊಂದು ಹೊರುವುದು 30 ಕೋಟಿ ಲೀಟರ್‌ಗೂ ಹೆಚ್ಚು.